ಒನ್ಸ್ ಮೋರ್

ಬೀಳೋದು ಕಲಸ್ರಿ ಅಂತ ಬಂದಾನ ಅಂಬಾರಾಯ,
ಕಾಲೇಜಿನ ಗ್ಯಾದರಿಂಗಿನ್ಯಾಗ ಅವಂದು ಸಾಯೋ ಪಾರ್ಟ ಅಂತ.
ಕೂಡು ಅಂದೆ. ಚಹಾ ಕುಡಿ.
ಸಾವಂದ್ರ ಗಡಿಬಿಡಿ ಕೆಲಸ ಅಲ್ಲ.

ನಾ ಲಾಡ್ಲೇಸಾಬ. ಶಹಾಬಾದದ ಖಣಿಯೊಳಗ
ಹಗಲೆಲ್ಲ ಪರ್ಸಿ ಎಬ್ಬಿಸಿ, ರಾತ್ರಿ ಮಾರಿಗೆ ಬಣ್ಣ ಬಡಕೊಂಡು
ರಾಜ ಆಗಾಂವ, ಮೂರನೇ ಅಂಕದಾಗ ಸಾಯಾಂವ.
ಹನ್ನೊಂದು ವರ್ಷ ಒಂದೇ ರೇಷ್ಮಿ ಅಂಗಿ,
ಎದಿಮ್ಯಾಲ ಒಂದೇ ತೂತು.
ಮುಂಜಾನೆ ಚಂದ್ರಭಾಗಾಬಾಯಿ ಅದನ್ನ ಹೊಲಿತಿದ್ಳು,
ಸಂಜೀಕ ಮತ್ತ ಬಿಚ್ಚತಿದ್ಳು.

ಪೇಟಿ ಮಾಸ್ತರ ಕಲ್ಯಾಣರಾವ ಸುರ ಹಿಡದ್ರಂದ್ರ
ಹಾಡಕೋತ ಹಾಡಕೋತ ಬೀಳಬೇಕು:
ಮೊದಲ ಹಿಮ್ಮಡ, ಆಮ್ಯಾಲ ಮೊಣಕಾಲ,
ಟೊಂಕ, ಭುಜ. ತಲಿ ಕಡೀಕ.
ತಲಿ ಮೊದಲ ಬಿತ್ತಂದ್ರ ಅದು ನಾಟಕ ಅಲ್ಲ, ದವಾಖಾನಿ.

ಬಿದ್ದ ಮ್ಯಾಲ ಕಣ್ಣ ಪೂರಾ ಮುಚ್ಚಬ್ಯಾಡ.
ರೆಪ್ಪಿ ಸಂದ್ಯಾಗ ಒಂದೆಳಿ ಬೆಳಕು ಬಿಡು.
ಸತ್ತಾಂವಗ ಅಷ್ಟೇ ಪಗಾರ.
ಅಲ್ಲಿಂದ ಕಾಣತಿದ್ರು ಚಾಪಿ ಕ್ಲಾಸಿನ
ವಾಡಿ ಜಂಕ್ಷನ್ನಿನ ಹಮಾಲರು, ಮಾರಿಮ್ಯಾಲ ಸಿಮೆಂಟಿನ ಧೂಳ,
ಧೂಳಿನ್ಯಾಗ ಎರಡು ಹಸೀ ಗೆರಿ.
ಶೇಂಗಾ ಮಾರೋ ರುಕ್ಮವ್ವ ಪುಟ್ಟಿ ಹೊತ್ತು ನಿಂತಲ್ಲೇ,
ವ್ಯಾಪಾರ ಮರತು.
ಆವಾಗ ಹಿಂದಿನಿಂದ ಒಬ್ಬಾಂವ ಒದರಾಂವ: ಒನ್ಸ್ ಮೋರ್!
ತಂಬೂ ತುಂಬಾ ಒನ್ಸ್ ಮೋರ್!
ನನ್ನ ಇರದಾಂವನೇ ಕೈ ಹಿಡದು ಎಬ್ಬಸಾಂವ.
ಧೂಳ ಝಾಡಿಸಿ, ಮುಜರಿ ಮಾಡಿ, ಮತ್ತ ಸಾಯಾಂವ ನಾ.
ಚಿತ್ತಾಪುರದಾಗ ಒಂದ ರಾತ್ರಿ ಐದು ಸಲ ಸತ್ತೆ.
ಕಡೀ ಸಾವಿಗೆ ಮಸೂತ್ಯಾಗ ಬಾಂಗ ಆಯ್ತು,
ಜನ ಹಂಗೇ ಕೆಲಸಕ್ಕ ಹೋದ್ರು.

ಸಿನಿಮಾದಾಗೂ ಸಾಯಲಾಕೇ ಕರದ್ರು.
ಬೀದರ ಕಿಲ್ಲಾದಾಗ ಶೂಟಿಂಗು. ಮಾತಿಲ್ಲ, ಪದ ಇಲ್ಲ,
ಗುಂಡು ಬಡೀತದ, ಬೀಳಬೇಕು.
ಬಿದ್ದೆ. ಹಿಮ್ಮಡ, ಮೊಣಕಾಲ, ಟೊಂಕ, ಭುಜ.
ಒನ್ ಮೋರ್, ಅಂದ ಡೈರೆಕ್ಟರ.
ಎದಿ ಉಬ್ಬಿತು ನಂದು.
ಎದ್ದು ನಾಕೂ ದಿಕ್ಕಿಗೆ ಕೈ ಮುಗದೆ.
ಎಲ್ಲಾರೂ ನಕ್ಕರು.

ಅರ್ಧ ಸಕಾರ ಬಿದ್ದು ಹೋದ್ರ
ಭೇಷ್ ಅನ್ನೋ ಮಾತು ಬೈಗಳ ಆಗತದ, ಅಂಬಾರಾಯ.
ಹದಿನಾಕು ಸಲ ಸತ್ತೆ ಆ ದಿನ.
ರೆಪ್ಪಿ ಸಂದ್ಯಾಗಿಂದ ನೋಡಿದ್ರ
ಲೈಟಿನ ಹುಡುಗ ಬಾಳಿಹಣ್ಣು ಸುಲೀಲಾಕತ್ತಿದ್ದ.
"ಕಣ್ಣು ಮಿಟುಕ್ತಾ ಇದೆ, ಪೂರ್ತಿ ಮುಚ್ರೀ" ಅಂದ್ರು.
ಮುಚ್ಚಿದೆ. ಓಕೆ ಆಯ್ತು.

ಸಿನಿಮಾಕ್ಕ ಬೈಯಂಗಿಲ್ಲ ನಾ.
ಈ ಮನಿ ಸ್ಲ್ಯಾಬು ಮೂವತ್ತೆರಡು ಸಾವಿನದು,
ಸಂಡಾಸ ಒಂದು ಜಡ್ಜಿನ ಪಾರ್ಟಿಂದು.
ಮತ್ತ ಖರೇ ಹೇಳತೀನಿ,
ತಂಬುವಿನ್ಯಾಗ ಒಬ್ಬರಿಗೂ ಕಾಣದ ನನ್ನ ಕುತ್ತಿಗಿ ನರ
ಆ ಒಂಟಿ ಕಣ್ಣಿಗೆ ಕಂಡಿತ್ತು.

ನಮ್ಮೂರ ಟಾಕೀಜಿಗೆ ಬಂತು ಆ ಸಿನಿಮಾ.
ಆರು ಸೆಕೆಂಡು ನಾ. ಖಣಿ ಮಂದಿ ಎದ್ದು ನಿಂತು
ಒನ್ಸ್ ಮೋರ್, ಒನ್ಸ್ ಮೋರ್!
ಆಪರೇಟರ ಖಾಜಾ ಕಿಂಡಿಯಿಂದ ಮಾರಿ ಹಾಕಿ,
"ರೀಲ ಹಿಂದ ಹೊರಳಂಗಿಲ್ರೋ" ಅಂದ.
ಪಡದಿಮ್ಯಾಲ ಹೀರೋ ಆಗಲೇ ಕುಣೀಲಾಕತ್ತಿದ್ದ.
ಆಟ ಬಿಟ್ಟ ಮ್ಯಾಲ ಹೋಟೆಲಿನ ಪರ್ಸಿಮ್ಯಾಲ
ಚಹಾದ ಗ್ಲಾಸ ಸರಿಸಿ ಜಾಗಾ ಮಾಡಿದ್ರು.
ಅಲ್ಲೇ ಸತ್ತೆ, ಎರಡು ಸಲ.

ಸಾಯೋದು ಈಗಲೂ ಬರತದ, ಏಳೋದು ತ್ರಾಸು.
ಆದ್ರೂ ನೋಡಕೋ:
ಹಿಮ್ಮಡ. ಮೊಣಕಾಲ. ಅಯ್, ಟೊಂಕ. ಭುಜ.
ತಲಿ.
ಕಲ್ಲು ತಣ್ಣಗದ.

"ಕಾಕಾ, ರೆಕಾರ್ಡ ಆಗ್ಲಿಲ್ರಿ. ಇನ್ನೊಮ್ಮೆ?"

ಇದು ಸಕಾರ ಇದ್ದದ್ದೋ, ಇಲ್ಲದ್ದೋ
ತಿಳಕೊಳ್ಳಲಾಕ ರೆಪ್ಪಿ ಸಂದಿ ಬಿಟ್ಟೆ.
ಹುಡುಗನ ಕಣ್ಣ ಕಾಣವಲ್ಲವು,
ಫೋನ್ ಅಡ್ಡ ಅದ.